ಬಿದ್ದ ಮಳೆ ನಮ್ಮೂರಲ್ಲೇ ಇರಲಿ

ನಮ್ಮ ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ 2022ರಲ್ಲಿ ಕೋಡಿ ಬಿತ್ತು. ಮರುವರ್ಷವೇ ಬರ! 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಸಾರಿತು. ನಮ್ಮ ಹೊಲದ ಶೇಂಗಾ ಕಾಯಿ ಕಟ್ಟುವ ಮೊದಲೇ ಒಣಗಿತು. ಅಪ್ಪ ಎತ್ತು ಮಾರಿದರು.

ಕಲ್ಲಿದ್ದಲು, ಡೀಸೆಲ್ ಸುಟ್ಟಾಗ ಬರುವ ಇಂಗಾಲದ ಡೈಆಕ್ಸೈಡಿನಿಂದ ಭೂಮಿ ಬಿಸಿಯಾಗುತ್ತಿದೆ. ಬಿಸಿ ಗಾಳಿ ಹೆಚ್ಚು ನೀರಾವಿ ಹಿಡಿಯುತ್ತದೆ. ಅದಕ್ಕೇ ಸುರಿದರೆ ಒಮ್ಮೆಲೇ ಸುರಿಯುತ್ತೆ. ಮಳೆ ಇಲ್ಲದಾಗ ನೆಲ ಬೇಗ ಒಣಗುತ್ತೆ.

ಇದನ್ನು ನಿಲ್ಲಿಸೋದು ನಮ್ಮೂರೊಂದರಿಂದ ಆಗದು. ಆದರೆ ಮಳೆ ಹಿಡಿಯೋದು ಆಗುತ್ತೆ. ದುರ್ಗದ ಕೋಟೆಯಲ್ಲಿ ಹಿರಿಯರು ಮಾಡಿದ್ದೂ ಅದನ್ನೇ. ಮೇಲಿನ ಹೊಂಡ ತುಂಬಿ ನೀರು ಕೆಳಗಿನ ಹೊಂಡಕ್ಕೆ ಇಳಿಯುತ್ತೆ.

ನಾವು ಮಾಡಬಹುದಾದದ್ದು:

1. ಇಳಿಜಾರಿಗೆ ಅಡ್ಡಲಾಗಿ ಬದು, ಹೊಲದ ತಗ್ಗಿನಲ್ಲಿ ಕೃಷಿ ಹೊಂಡ.

2. ಕೆರೆಯ ಹೂಳೆತ್ತಿ ಹೊಲಕ್ಕೆ ಹಾಕುವುದು. ಕೆರೆ ಆಳವಾಗುತ್ತೆ, ಹೊಲಕ್ಕೆ ಸಾರ ಬರುತ್ತೆ.

3. ಒಂದೇ ಬೆಳೆ ನಂಬದೆ ತೊಗರಿ, ಸಜ್ಜೆ, ನವಣೆ ಅಕ್ಕಡಿ ಸಾಲು. ಒಂದು ಹೋದರೆ ಇನ್ನೊಂದು ಉಳಿದೀತು.

ಕೊನೆಗೊಂದು ಲೆಕ್ಕ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಶಾಲೆಯ ಮಾಳಿಗೆ ಅಳೆದೆವು: ಉದ್ದ 20 ಮೀಟರ್, ಅಗಲ 6 ಮೀಟರ್. 50 ಮಿ.ಮೀ. ಮಳೆಗೆ 6,000 ಲೀಟರ್! ಎಲ್ಲಾ ರಸ್ತೆಗೆ ಹರಿದು ಹೋಗ್ತಿದೆ. ನಮ್ಮ ಬೋರ್‌ವೆಲ್ ಪಕ್ಕ ಒಂದು ಇಂಗುಗುಂಡಿ ಮಾಡೋಣವೇ, ಗುರುಗಳೇ? ಅಗೆಯೋಕೆ ನಾವು ತಯಾರು.

– ಏಳನೇ ತರಗತಿ ವಿದ್ಯಾರ್ಥಿ