ಮೂಸಿ ದಂಡೆಯ ಮನೆಗಳು: ತೆರಿಗೆ ಕಟ್ಟಿದರೂ ಹಕ್ಕು ಸಿಗುವುದಿಲ್ಲವೇಕೆ?

ಹೈದರಾಬಾದ್: 2024ರ ಸೆಪ್ಟೆಂಬರ್ ಕೊನೆಯಲ್ಲಿ ಮೂಸಿ ನದಿ ದಂಡೆಯ ಚಾದರ್‌ಘಾಟ್ ಸುತ್ತಮುತ್ತಲ ಮನೆಗಳ ಗೋಡೆ ಮೇಲೆ ಕೆಂಪು ಬಣ್ಣದಲ್ಲಿ ‘ಆರ್‌ಬಿ-ಎಕ್ಸ್’ ಎಂದು ಬರೆಯಲಾಯಿತು. ನದಿಪಾತ್ರದಲ್ಲಿರುವ ಕಟ್ಟಡ ಎಂಬುದರ ಗುರುತು ಅದು. ಅಕ್ಟೋಬರ್‌ನಲ್ಲಿ ಮೂಸಾ ನಗರ, ಶಂಕರ್ ನಗರದಲ್ಲಿ ತೆರವು ಶುರುವಾಯಿತು. ಕರೆಂಟ್ ಬಿಲ್, ಮನೆ ತೆರಿಗೆ ರಸೀದಿ, ನೋಟರಿ ಪತ್ರ ಇದ್ದರೂ ಇಂಥ ಮನೆಗಳು ಸಕ್ರಮವಾಗುವುದಿಲ್ಲವೇಕೆ? ಇಲ್ಲಿದೆ ವಿವರ.

ನೋಟರಿ ಪತ್ರ ಸಾಲದೇ?

ಸಾಲದು. 1908ರ ನೋಂದಣಿ ಕಾಯ್ದೆ ಪ್ರಕಾರ 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಕ್ರಯಪತ್ರ ನೋಂದಣಿಯಾಗಲೇಬೇಕು. ಜನರಲ್ ಪವರ್ ಆಫ್ ಅಟಾರ್ನಿ ಮೂಲಕ ನಡೆಯುವ ಮಾರಾಟದಿಂದ ಮಾಲೀಕತ್ವ ವರ್ಗಾವಣೆ ಆಗದು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸ್ಪಷ್ಟಪಡಿಸಿದೆ. ತೆರಿಗೆ ರಸೀದಿ, ಕರೆಂಟ್ ಬಿಲ್ ವಾಸಕ್ಕೆ ಸಾಕ್ಷಿಯೇ ಹೊರತು ಒಡೆತನಕ್ಕಲ್ಲ.

ಸಕ್ರಮ ಯೋಜನೆ ಇದೆಯಲ್ಲ?

ತೆಲಂಗಾಣ ಸರ್ಕಾರ 2014ರ ಡಿಸೆಂಬರ್‌ನಲ್ಲಿ 58 ಮತ್ತು 59ನೇ ಸಂಖ್ಯೆಯ ಆದೇಶ ಹೊರಡಿಸಿತು. ಸರ್ಕಾರಿ ಜಾಗದಲ್ಲಿ 125 ಚದರ ಗಜದೊಳಗೆ ಮನೆ ಕಟ್ಟಿಕೊಂಡ ಬಡವರಿಗೆ ಉಚಿತ ಪಟ್ಟಾ. ಅದಕ್ಕಿಂತ ಹೆಚ್ಚಿದ್ದರೆ ಹಣ ಕಟ್ಟಿ ಸಕ್ರಮ. ಆದರೆ ಇದು ‘ಆಕ್ಷೇಪಣೆ ಇಲ್ಲದ’ ಸರ್ಕಾರಿ ಜಾಗಕ್ಕೆ ಮಾತ್ರ. ನದಿ, ಕೆರೆ, ನಾಲೆಯ ಜಾಗ ಈ ಪಟ್ಟಿಗೆ ಬರುವುದಿಲ್ಲ.

ನದಿ ದಂಡೆಗೆ ಬಿಗಿ ನಿಯಮ ಏಕೆ?

1908ರ ಸೆಪ್ಟೆಂಬರ್ 28ರ ಮೂಸಿ ಪ್ರವಾಹ ಸಾವಿರಾರು ಜನರನ್ನು ಬಲಿ ಪಡೆಯಿತು. ಆಗ ನಿಜಾಮರ ಸರ್ಕಾರ ಕರೆಸಿಕೊಂಡದ್ದು ಕನ್ನಡಿಗ ಸರ್ ಎಂ. ವಿಶ್ವೇಶ್ವರಯ್ಯ ಅವರನ್ನು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಜಲಾಶಯಗಳ ಹಿಂದೆ ಅವರ ಪ್ರವಾಹ ನಿಯಂತ್ರಣ ಯೋಜನೆ ಇದೆ. 2012ರ ಕಟ್ಟಡ ನಿಯಮಗಳು ನದಿಪಾತ್ರದಲ್ಲಿ ನಿರ್ಮಾಣ ನಿಷೇಧಿಸುವುದಲ್ಲದೆ, ನಗರ ವ್ಯಾಪ್ತಿಯಲ್ಲಿ ನದಿಯ ಗಡಿಯಿಂದ 50 ಮೀಟರ್ ಬಫರ್ ಬಿಡಬೇಕು ಎನ್ನುತ್ತವೆ.

ಮನೆ ಕಳೆದುಕೊಂಡವರಿಗೆ ಏನು?

ನದಿಪಾತ್ರದ ಕುಟುಂಬಗಳಿಗೆ ಸರ್ಕಾರ ಡಬಲ್ ಬೆಡ್‌ರೂಂ ಮನೆ ನೀಡಲು ಮುಂದಾಯಿತು. ಪಟ್ಟಾ ಇದ್ದವರಿಗೆ ಪರಿಹಾರವನ್ನೂ ಕೊಡುವುದಾಗಿ ಹೇಳಿತು. ಅಂದರೆ ಸೂರು ಎಲ್ಲರಿಗೂ, ಜಾಗದ ಬೆಲೆ ಕಾಗದವಿದ್ದವರಿಗಷ್ಟೇ. ನೋಟರಿ ಪತ್ರ ನಂಬಿ ಉಳಿತಾಯವನ್ನೆಲ್ಲ ಸುರಿದವರಿಗೆ ನಿಜವಾದ ಹೊಡೆತ ಬೀಳುವುದು ಇಲ್ಲೇ. ಕೂಲಿ, ಶಾಲೆ ದೂರವಾಗುವ ನಷ್ಟ ಬೇರೆ.

ಖರೀದಿಗೆ ಮುನ್ನ ಏನು ನೋಡಬೇಕು?

* ಕ್ರಯಪತ್ರ ನೋಂದಣಿಯಾಗಿದೆಯೇ?
* ಕಂದಾಯ ದಾಖಲೆಯಲ್ಲಿ ಆ ಸರ್ವೆ ನಂಬರ್ ಸರ್ಕಾರಿಯೇ, ಖಾಸಗಿಯೇ?
* ಜಾಗ ನದಿಪಾತ್ರ ಅಥವಾ ಬಫರ್ ಒಳಗಿದೆಯೇ?

ಮೊದಲೆರಡು ಸರಿಯಿದ್ದರೂ ಮೂರನೆಯದನ್ನು ಬಿಡುವಂತಿಲ್ಲ. ನೋಂದಣಿಯಾದ ಪತ್ರ ಮಾರಾಟ ನಡೆದದ್ದನ್ನು ಹೇಳುತ್ತದೆ, ಅಲ್ಲಿ ಮನೆ ಕಟ್ಟಬಹುದು ಎಂದು ಹೇಳುವುದಿಲ್ಲ.