ಬೆನ್ನೆಲುಬಿಲ್ಲದ ಜೀವಿಗಳ ಕಾವಲು

ಕೊಪ್ಪಳ ಜಿಲ್ಲೆಯ ಅಳವಂಡಿಯ ಸುತ್ತಣ ಎರೆಹೊಲಗಳಲ್ಲಿ ಹಿಂಗಾರಿ ಕಡಲೆ ಕಾಯಿ ಕಟ್ಟುವ ಹೊತ್ತಿಗೆ ಕಾಯಿಕೊರಕ ಹುಳುವೂ ತಪ್ಪದೆ ಹಾಜರಾಗುತ್ತದೆ. ಈ ಹುಳುವಿಗೊಂದು ವೈರಸ್ ರೋಗವುಂಟು. ಅದು ತಗುಲಿದ ಹುಳು ಗಿಡದ ತುದಿಗೇರಿ, ತಲೆಕೆಳಗಾಗಿ ಜೋತುಬಿದ್ದು ಸಾಯುತ್ತದೆ. ಮುಟ್ಟಿದರೆ ಚರ್ಮ ಹರಿದು ಒಳಗಿನದೆಲ್ಲ ನೀರಾಗಿ ಸುರಿಯುತ್ತದೆ. ಎನ್.ಪಿ.ವಿ. ಎಂಬ ಈ ವೈರಸ್ಸನ್ನೇ ಬೆಳೆಸಿ ಬೆಳೆಯ ಮೇಲೆ ಸಿಂಪಡಿಸುವ ಪದ್ಧತಿ ಬಂದಿದೆ. ಬಿಸಿಲು ಅದನ್ನು ಕೆಡಿಸುವುದರಿಂದ ಸಂಜೆಯ ಹೊತ್ತು ಸಿಂಪಡಿಸಬೇಕು. ಹುಳು ಚಿಕ್ಕದಿರುವಾಗಲೇ ಸಿಂಪಡಿಸಬೇಕು. ಬಲಿತ ಹುಳು ಅಷ್ಟು ಸುಲಭವಾಗಿ ಮಣಿಯದು.

ಏಕೆ ಮಣಿಯದು? ನಮಗಾದರೆ ಒಮ್ಮೆ ದಡಾರ ಬಂದುಹೋದರೆ ಮತ್ತೆ ಬರುವುದು ಬಲು ಅಪರೂಪ. ರಕ್ತದಲ್ಲಿ ಪ್ರತಿಕಾಯಗಳು ಹುಟ್ಟಿ ಆ ಶತ್ರುವಿನ ಗುರುತನ್ನು ನೆನಪಿಟ್ಟುಕೊಳ್ಳುತ್ತವೆ. ಹುಳು, ಸೀಗಡಿ, ಏಡಿಗಳಿಗೆ ಬೆನ್ನೆಲುಬೂ ಇಲ್ಲ, ಪ್ರತಿಕಾಯವೂ ಇಲ್ಲ. ಆದರೂ ಕೋಟಿ ಕೋಟಿ ವರ್ಷಗಳಿಂದ ವೈರಸ್ಸುಗಳ ನಡುವೆಯೇ ಅವು ಬಾಳಿಬಂದಿವೆ.

ಮೊದಲ ಕಾವಲು ಕರುಳಿನಲ್ಲಿದೆ. ರೇಷ್ಮೆಹುಳುವಿನ ಜೀರ್ಣರಸದಲ್ಲಿರುವ ಲೈಪೇಸ್ ಎಂಬ ಕಿಣ್ವ ವೈರಸ್ಸನ್ನು ನಿಷ್ಕ್ರಿಯಗೊಳಿಸಬಲ್ಲುದೆಂದು 2003ರಲ್ಲಿ ಜಪಾನಿನಲ್ಲಿ ನಡೆದ ಸಂಶೋಧನೆ ತೋರಿಸಿತು. ಈ ರಸವನ್ನು ದಾಟಿದ ವೈರಸ್ಸು ಕರುಳಿನ ಜೀವಕೋಶವನ್ನು ಹೊಕ್ಕರೆ, ಬೆಳೆದ ಹುಳು ಆ ಕೋಶವನ್ನೇ ಕಳಚಿ ಹೊರಹಾಕುತ್ತದೆ. ಕಡಲೆಯ ಹುಳು ಬಲಿತಂತೆ ಮೊಂಡಾಗುವುದಕ್ಕೆ ಇದೂ ಒಂದು ಕಾರಣ. ಇನ್ನು ಕೆಲವು ಕೋಶಗಳು ಸೋಂಕು ಹಬ್ಬದಿರಲೆಂದು ತಾವಾಗಿಯೇ ಪ್ರಾಣ ಬಿಡುತ್ತವೆ. ವೈರಸ್ಸೂ ದಡ್ಡನಲ್ಲ, ಕೋಶದ ಈ ಆತ್ಮಾಹುತಿಯನ್ನು ತಡೆಯುವ ಪ್ರೋಟೀನನ್ನು ಅದು ತಯಾರಿಸಿಕೊಳ್ಳುತ್ತದೆ!

ಎಲ್ಲಕ್ಕಿಂತ ಸೊಗಸಾದ ಕಾವಲು ಇನ್ನೊಂದಿದೆ. ಜೀವಕೋಶದೊಳಗೆ ಜೀನಿನ ಆಜ್ಞೆಯನ್ನು ಒಯ್ಯುವ ಪತ್ರವೆಂದರೆ ಆರ್.ಎನ್.ಎ. ಅದು ಸಾಮಾನ್ಯವಾಗಿ ಒಂಟಿ ಎಳೆ. ವೈರಸ್ಸು ತನ್ನ ಸಂತಾನವನ್ನು ಹೆಚ್ಚಿಸುವ ಗಡಿಬಿಡಿಯಲ್ಲಿ ಎಷ್ಟೋ ವೇಳೆ ಜೋಡಿ ಎಳೆಯ ಆರ್.ಎನ್.ಎ. ಹುಟ್ಟಿಬಿಡುತ್ತದೆ. ಜೋಡಿ ಎಳೆ ಕಂಡೊಡನೆ ಕೋಶಕ್ಕೆ ಸಂಶಯ. ಡೈಸರ್ ಎಂಬ ಕಿಣ್ವ ಅದನ್ನು ಸುಮಾರು 21 ಅಕ್ಷರಗಳ ತುಣುಕುಗಳಾಗಿ ಕತ್ತರಿಸುತ್ತದೆ. ಪೊಲೀಸರು ಕಳ್ಳನ ಭಾವಚಿತ್ರ ಹಿಡಿದು ಹುಡುಕುವಂತೆ, ಆ ತುಣುಕನ್ನು ಹಿಡಿದ ಮತ್ತೊಂದು ಪ್ರೋಟೀನು ಅದಕ್ಕೆ ಹೊಂದುವ ಆಜ್ಞಾಪತ್ರಗಳನ್ನೆಲ್ಲ ಹುಡುಕಿ ಹರಿದುಹಾಕುತ್ತದೆ. ಜೋಡಿ ಎಳೆಗೆ ಜೀನಿನ ಬಾಯಿಯನ್ನು ಮುಚ್ಚಿಸುವ ಶಕ್ತಿಯುಂಟೆಂದು 1998ರಲ್ಲಿ ಒಂದು ಸಣ್ಣ ದುಂಡುಹುಳುವಿನಲ್ಲಿ ತೋರಿಸಿಕೊಟ್ಟ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಅವರಿಗೆ 2006ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಇದು ಬರಿಯ ಪಂಡಿತರ ಕುತೂಹಲವಲ್ಲ. 1994–95ರಲ್ಲಿ ಭಾರತದ ಕರಾವಳಿಯ ಸೀಗಡಿ ಹೊಂಡಗಳಿಗೆ ಬಿಳಿಚುಕ್ಕೆ ರೋಗದ ವೈರಸ್ಸು ನುಗ್ಗಿತು. ಸೋಂಕು ಕಾಣಿಸಿಕೊಂಡ ಮೂರರಿಂದ ಹತ್ತು ದಿನಗಳೊಳಗೆ ಇಡೀ ಹೊಂಡದ ಸೀಗಡಿ ಸಾಯಬಹುದಾದ ರೋಗವದು. ಸಾಲ ಮಾಡಿ ಮರಿ ಬಿಟ್ಟವರ ಪಾಡನ್ನು ವಾಚಕರೇ ಊಹಿಸಿಕೊಳ್ಳಬಹುದು. ಪಶ್ಚಿಮ ಕರಾವಳಿಯಲ್ಲಿ ಈ ರೋಗ ಸೀಗಡಿಯ ಒಡಲಿನಲ್ಲಿ ಮಾಡುವ ಹಾನಿಯನ್ನು ಕುರಿತು ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಇಂದ್ರಾಣಿ ಕರುಣಾಸಾಗರ್ ಮತ್ತು ಸಂಗಡಿಗರು 1997ರಲ್ಲಿ ಅಧ್ಯಯನವನ್ನು ಪ್ರಕಟಿಸಿದರು.

ಮುಂದೆ ವಿಜ್ಞಾನಿಗಳು ಸೀಗಡಿಯ ಅಸ್ತ್ರವನ್ನು ಸೀಗಡಿಯ ಕೈಗೇ ಕೊಡಲು ಹೊರಟರು. 2008ರಲ್ಲಿ ತಮಿಳುನಾಡಿನ ಮೇಲ್ವಿಶಾರಂ ಕಾಲೇಜಿನ ಸಂಶೋಧಕರು ಬಿಳಿಚುಕ್ಕೆ ವೈರಸ್ಸಿನ ಒಂದು ಜೀನಿಗೆ ಹೊಂದುವ ಜೋಡಿ ಎಳೆಯ ಆರ್.ಎನ್.ಎ.ಯನ್ನು ಬ್ಯಾಕ್ಟೀರಿಯದಲ್ಲಿ ತಯಾರಿಸಿ, ಆಹಾರದೊಡನೆ ಸೀಗಡಿಗೆ ಉಣಿಸಿ ರಕ್ಷಣೆ ದೊರಕಿಸಿದರು. ರೇಷ್ಮೆಹುಳುವಿಗೂ ಇದೇ ಉಪಾಯ ನಡೆದಿದೆ. ಕಡಲೆಯ ಎನ್.ಪಿ.ವಿ.ಯ ದಾಯಾದಿಯೇ ನಮ್ಮ ರೇಷ್ಮೆಮನೆಗಳ ‘ಹಾಲುತೊಂಡೆ’ ರೋಗಕ್ಕೆ ಕಾರಣ. ಹೈದರಾಬಾದಿನಲ್ಲಿ ಜೆ. ನಾಗರಾಜು ಅವರ ತಂಡ ಆ ವೈರಸ್ಸಿನ ಹಲವು ಜೀನುಗಳ ಬಾಯಿ ಮುಚ್ಚಿಸುವ ಶಕ್ತಿಯನ್ನು ಹುಳುವಿನ ವಂಶಕ್ಕೇ ಸೇರಿಸಿತು. ಅದರ ವರದಿ 2013ರಲ್ಲಿ ಅಚ್ಚಾಯಿತು.

ಆದರೆ ಪ್ರಯೋಗಶಾಲೆಯ ತೊಟ್ಟಿ ಬೇರೆ, ಎಕರೆಗಟ್ಟಲೆ ಹೊಂಡ ಬೇರೆ. ಆರ್.ಎನ್.ಎ. ಬೇಗ ಕೆಡುವ ವಸ್ತು. ಅದು ಕೊಡುವ ರಕ್ಷಣೆಯೂ ಬಹುಕಾಲ ನಿಲ್ಲುವುದಿಲ್ಲ. ಆದ್ದರಿಂದ ಕರಾವಳಿಯ ಕೃಷಿಕ ಇಂದಿಗೂ ವೈರಸ್ಸಿಲ್ಲವೆಂದು ಪರೀಕ್ಷೆಯಾದ ಮರಿಗಳನ್ನೇ ಹುಡುಕುತ್ತಾನೆ. ರೇಷ್ಮೆ ಸಾಕುವ ತಾಯಂದಿರು ಹಾಲುತೊಂಡೆ ಬಂದ ಹುಳುಗಳನ್ನು ಒಂದೊಂದಾಗಿ ಆರಿಸಿ, ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ಕಲಸಿದ ನೀರಿಗೆ ಹಾಕುತ್ತಾರೆ.