ಜೊತೆಯಾಳು ಹಾಸಿಗೆ ಹಿಡಿದರೆ

ನಾಟಿ, ಕೊಯ್ಲುಗಳಲ್ಲಿ ಒಬ್ಬರಿಗೊಬ್ಬರು ಮುಯ್ಯಾಳಾಗಿ ದುಡಿಯುವುದು ನಮ್ಮ ರೈತರಿಗೆ ಹೊಸದಲ್ಲ. ಕಾಯಿಲೆ, ಪೆಟ್ಟುಗಳಿಗೂ ಇಂಥ ಮುಯ್ಯಿ ಇರಬೇಕು.

2003ರಲ್ಲಿ ಸಹಕಾರ ಸಂಘಗಳ ಸದಸ್ಯರಿಗಾಗಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯ ತಿರುಳೂ ಇದೇ. ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ವಂತಿಗೆ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಗಟ್ಟಿಯಿದ್ದವರ ಹಣ ರೋಗಿಯ ಶಸ್ತ್ರಚಿಕಿತ್ಸೆಗೆ ಒದಗಿತು. 2018ರಲ್ಲಿ ನಿಂತ ಯೋಜನೆ 2023ರ ಜನವರಿಯಲ್ಲಿ ಮತ್ತೆ ಆರಂಭವಾಯಿತು. ಆಗ ಹಳ್ಳಿಯ ನಾಲ್ವರವರೆಗಿನ ಕುಟುಂಬಕ್ಕೆ 500 ರೂಪಾಯಿ ಗೊತ್ತುಪಡಿಸಲಾಯಿತು. ನೋಂದಣಿಗೆ ಗಡುವುಂಟು. ನೋವು ಕಾಣಿಸಿಕೊಂಡ ಮೇಲೆ ರಸೀದಿಗೆ ಓಡಿಬರುವವರೇ ಹೆಚ್ಚು!

ಆದರೆ ಆಸ್ಪತ್ರೆಯ ಬಿಲ್ಲು ತೀರಿದರಷ್ಟೇ ಸಾಲದು. ಅಡಿಕೆ ಮರದಿಂದ ಬಿದ್ದು ಕಾಲು ಮುರಿದುಕೊಂಡವನು ತಿಂಗಳುಗಟ್ಟಲೆ ಮಲಗಿದರೆ ಮನೆಯ ಒಲೆ ಉರಿಯಬೇಕಲ್ಲ? ಯಶಸ್ವಿನಿ ಇರುವುದು ಚಿಕಿತ್ಸೆಗೆ; ತಪ್ಪಿದ ಕೂಲಿಯನ್ನು ಅದು ತುಂಬಿಕೊಡುವುದಿಲ್ಲ. ಇಲ್ಲಿ ಜೊತೆಯಾಳುಗಳೇ ಕೈಹಿಡಿಯಬೇಕು. ಹನ್ನೆರಡು ಜನರ ಗುಂಪು ವಾರದ ಬಟವಾಡೆಯ ದಿನ ತಲಾ 20 ರೂಪಾಯಿ ತೆಗೆದಿಟ್ಟರೆ ವರ್ಷಕ್ಕೆ 12,480 ರೂಪಾಯಿ ಕೂಡುತ್ತದೆ.

ಈ ಹಣ ಒಬ್ಬರ ಮನೆಯ ಡಬ್ಬಿಯಲ್ಲಿರುವುದು ಬೇಡ. ಸಹಕಾರ ಸಂಘದಲ್ಲೋ ಬ್ಯಾಂಕಿನಲ್ಲೋ ಇಬ್ಬರ ಸಹಿಯ ಉಳಿತಾಯ ಖಾತೆ ತೆರೆಯಿರಿ. ಎಷ್ಟು ದಿನ ಮಲಗಿದರೆ ಎಷ್ಟು ಹಣ, ಅದು ಸಾಲವೋ ನೆರವೋ ಎಂಬುದನ್ನು ಎಲ್ಲರೂ ಆರೋಗ್ಯವಾಗಿರುವಾಗಲೇ ಪುಸ್ತಕದಲ್ಲಿ ಬರೆದಿಡಿ. ಕುಡಿದು ಬಿದ್ದವನಿಗೂ ಕೊಡಬೇಕೇ ಎಂಬ ಜಗಳ ಬಂದೇ ಬರುತ್ತದೆ. ಅದನ್ನೂ ಮೊದಲೇ ತೀರ್ಮಾನಿಸಿಕೊಳ್ಳಿ. ಕೂಲಿ ಕಡಿಮೆಯೆಂದು ಹೆಣ್ಣಾಳಿನ ನೆರವನ್ನು ಕಡಿಮೆ ಮಾಡಬೇಡಿ. ವಂತಿಗೆ ಸಮನಾಗಿ ಕೊಟ್ಟವರಿಗೆ ನೆರವೂ ಸಮನಾಗಿಯೇ ಸಲ್ಲಬೇಕು.